ಸಬ್‌ಟೈಟಲ್ ಸಮೇತ: ಜಾಂಬಿಗೆ ನಾಲ್ಕು ಸ್ಟಾರ್ ಕೊಟ್ಟಿದ್ದಕ್ಕೆ ಬಂದ ಪತ್ರಗಳು

ಕಳೆದ ಮೂರು ಸಂಚಿಕೆಯಿಂದ ಜಪಾನ್, ಕೊರಿಯಾ, ಹಾಂಗ್‌ಕಾಂಗ್ ಸಿನಿಮಾಗಳ ರಿವ್ಯೂ ಬರೀತಾ ಇದೀನಲ್ಲ, ಅದಕ್ಕೆ ಇಷ್ಟೊಂದು ಪ್ರಶ್ನೆ ಬರುತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ, ನಮ್ಮ ಎಡಿಟರೂ ಅಂದ್ಕೊಂಡಿರ್ಲಿಲ್ಲ. ಹೊಗಳಿ ಬರೆದವರಿಗೆ ಥ್ಯಾಂಕ್ಸ್, ಅವನ್ನ ಜೋಪಾನವಾಗಿ ಎತ್ತಿಟ್ಕೊಂಡಿದೀನಿ. ಇಲ್ಲಿ ಹಾಕ್ತಿರೋದು ಜಗಳ ತೆಗೆದಿರೋವು ಮತ್ತೆ ನಿಜವಾಗ್ಲೂ ಡೌಟ್ ಇರೋವು ಮಾತ್ರ. ಜಗಳದಿಂದಲೇ ಶುರು ಮಾಡೋಣ.

ಪ್ರಶ್ನೆ: ಅಕ್ಕ, ‘ಟ್ರೈನ್ ಟು ಬುಸಾನ್’ ಅನ್ನೋ ಜಾಂಬಿ ಪಿಚ್ಚರ್‌ಗೆ ನಾಲ್ಕು ಸ್ಟಾರ್, ಆಸ್ಕರ್ ತಗೊಂಡ ‘ಡ್ರೈವ್ ಮೈ ಕಾರ್’ಗೆ ಮೂರೂವರೆ. ಇದ್ಯಾವ ಲೆಕ್ಕ? ನಿಮ್ಮ ತಕ್ಕಡಿ ಸರಿ ಇದ್ಯಾ?
– ಡಿಗ್ರಿ ವಿದ್ಯಾರ್ಥಿ, ದಾವಣಗೆರೆ

ತಕ್ಕಡಿ ಸರಿ ಇದೆ ತಮ್ಮಾ, ಆದ್ರೆ ಒಂದೇ ತಕ್ಕಡಿ ಇಲ್ಲ. ಚಿನ್ನ ತೂಗೋ ತಕ್ಕಡೀಲಿ ಈರುಳ್ಳಿ ತೂಗಕ್ಕಾಗುತ್ತಾ? ನಾನು ಮೊದಲು ನೋಡೋದು ಈ ಸಿನಿಮಾ ಯಾವ ಆಟ ಆಡ್ತೀನಿ ಅಂತ ಬಂದಿದೆ ಅನ್ನೋದು, ಆಮೇಲೆ ಆ ಆಟ ನೆಟ್ಟಗೆ ಆಡ್ತಾ ಅನ್ನೋದು.

‘ಟ್ರೈನ್ ಟು ಬುಸಾನ್’ (2016) ತಗೋ. ಸಿಯೋಲ್‌ನಿಂದ ಬುಸಾನ್‌ಗೆ ಹೋಗೋ ಹೈಸ್ಪೀಡ್ ಟ್ರೈನು, ಒಳಗೆ ಜಾಂಬಿಗಳು, ಕಥೆ ಇಷ್ಟೇ. ಆದ್ರೆ ಡೈರೆಕ್ಟರ್ ಯೆಯೋನ್ ಸಾಂಗ್-ಹೋ ಮಾಡಿರೋ ಬುದ್ಧಿವಂತಿಕೆ ನೋಡು. ಈ ಜಾಂಬಿಗಳು ಕಣ್ಣಿಗೆ ಬಿದ್ದವರ ಮೇಲೆ ಮಾತ್ರ ಎಗರ್ತವೆ. ಒಬ್ಬಳು ಬಸುರಿ ಹೆಂಗಸು ಗಾಜಿನ ಬಾಗಿಲಿಗೆ ನೀರು ಚಿಮುಕಿಸಿ ನ್ಯೂಸ್‌ಪೇಪರ್ ಅಂಟಿಸ್ತಾಳೆ, ಅಷ್ಟೇ, ಆ ಕಡೆ ಇರೋವು ಸುಮ್ಮನಾಗ್ತವೆ. ಇದನ್ನ ಒಂದು ಸಲ ತೋರಿಸಿ ಬಿಟ್ಟುಬಿಡ್ತಾರೆ, ಆಮೇಲೆ ಟ್ರೈನು ಸುರಂಗದೊಳಗೆ ಹೋಗಿ ಕತ್ತಲಾದಾಗ ನಮಗೇ ಹೊಳೆಯುತ್ತೆ, ಓಹೋ ಈಗ ಅವಕ್ಕೆ ಕಣ್ಣು ಕಾಣಲ್ಲ, ಈಗ ದಾಟಬಹುದು ಅಂತ, ಮುಂದಿನ ಸುರಂಗ ಯಾವಾಗ ಬರುತ್ತಪ್ಪಾ ಅಂತ ನಾವೇ ಕಾಯ್ತಾ ಕೂರ್ತೀವಿ. ಒಂದು ರೂಲ್ ಮಾಡ್ಕೊಂಡು, ಅದನ್ನ ಎಲ್ಲೂ ಮುರೀದೆ, ಅದರಿಂದಲೇ ಟೆನ್ಷನ್ ಹುಟ್ಟಿಸೋದು ಸಣ್ಣ ಕೆಲಸ ಅಲ್ಲ. ಜೊತೆಗೆ ಬದುಕಿ ಓಡಿ ಬಂದವರನ್ನ ಬೇರೆ ಬೋಗಿಯವರು ಒಳಗೆ ಬಿಟ್ಕೊಳ್ಳದೆ ಬಾಗಿಲು ಹಿಡ್ಕೊಂಡು ನಿಲ್ಲೋ ಸೀನ್ ಇದ್ಯಲ್ಲ, ಅಲ್ಲಿ ಜಾಂಬಿಗಿಂತ ಟೈ ಕಟ್ಕೊಂಡಿರೋ ಮನುಷ್ಯನನ್ನ ನೋಡಿದ್ರೇನೇ ಹೆಚ್ಚು ಹೆದರಿಕೆ. ಒಂದು ಸ್ಟಾರ್ ಕಟ್ ಮಾಡಿದ್ದು ಕೊನೆಯಲ್ಲಿ ಬಲವಂತವಾಗಿ ಅಳಿಸೋ ಫ್ಲ್ಯಾಶ್‌ಬ್ಯಾಕ್‌ಗೆ. ಅತ್ತೆ ನಾನೂ. ಆದ್ರೂ ಕಟ್ ಮಾಡ್ದೆ.

‘ಡ್ರೈವ್ ಮೈ ಕಾರ್’ (2021) 179 ನಿಮಿಷ ಇದೆ, ಟೈಟಲ್ ಬರೋದೇ ಸುಮಾರು 40 ನಿಮಿಷ ಆದ್ಮೇಲೆ. ನನಗೆ ಉದ್ದದ ಬಗ್ಗೆ ತಕರಾರಿಲ್ಲ. ರಷ್ಯಾದ ಚೆಕಾಫ್ ನಾಟಕವನ್ನ ಒಬ್ಬೊಬ್ಬರು ಒಂದೊಂದು ಭಾಷೇಲಿ ರಿಹರ್ಸಲ್ ಮಾಡ್ತಾರೆ, ಒಬ್ಬಳು ಕೊರಿಯನ್ ಸೈನ್ ಲ್ಯಾಂಗ್ವೇಜಲ್ಲಿ ಮಾಡ್ತಾಳೆ, ಕೊನೆಯಲ್ಲಿ ಸ್ಟೇಜ್ ಮೇಲೆ ಅವಳು ಹೀರೋ ಹಿಂದೆ ನಿಂತು, ಅವನ ಮುಂದೆ ಕೈ ಚಾಚಿ ನಾಟಕದ ಕೊನೇ ಮಾತು ಹೇಳೋದಕ್ಕೆ ಐದಕ್ಕೆ ಐದು. ಆದ್ರೆ ಅಲ್ಲಿಗೆ ಬರೋ ಮುಂಚೆ ಪಾತ್ರಗಳು ತಮ್ಮ ನೋವನ್ನೆಲ್ಲ ಸಾಲುಸಾಲಾಗಿ ಬಾಯಿಬಿಟ್ಟು ಹೇಳಿ ಮುಗಿಸಿರ್ತಾರೆ. ಮೌನದ ಮೇಲೇ ನಿಂತಿರೋ ಸಿನಿಮಾ ಅಷ್ಟು ಮಾತಾಡಬಾರದಿತ್ತು ಅನ್ಸ್ತು. ನಿಂಗೆ ಅನ್ಸ್ಲಿಲ್ಲ ಅಂದ್ರೆ ನಿನ್ನ ಅರ್ಧ ಸ್ಟಾರ್ ನೀನೇ ಸೇರಿಸ್ಕೋ.

ಪ್ರಶ್ನೆ: ಮೇಡಮ್ಮಾರೆ, ನಿಮ್ಮ ಮಾತು ಕೇಳಿ ‘ಟೋಕಿಯೋ ಸ್ಟೋರಿ’ ಹಚ್ಚಿದ್ವಿ ನೋಡ್ರಿ. ಇಪ್ಪತ್ತು ಮಿನಿಟಿಗೆ ಮನಿ ಮಂದಿ ಎಲ್ಲಾ ನಿದ್ದಿ. ಆಮ್ಯಾಲ ನಾ ಒಬ್ಬಾಂವ ಒಂದೂವರೆ ಸ್ಪೀಡಿನಾಗ ಓಡಿಸಿ ಮುಗಿಸೀನಿ. ಏನೈತ್ರಿ ಅದರಾಗ?
– ಬ್ಯಾಂಕ್ ನೌಕರರು, ಹುಬ್ಬಳ್ಳಿ

ಸರ್, ಒಂದೂವರೆ ಸ್ಪೀಡಲ್ಲಿ ಭೀಮಸೇನ ಜೋಶಿಯವರನ್ನ ಕೇಳ್ತೀರಾ? ಧಾರವಾಡದ ಕಡೆಯವರಾಗಿ ನೀವೇ ಹೀಗೆ ಮಾಡಿದ್ರೆ ಹೆಂಗೆ!

ತಮಾಷೆ ಸಾಕು. ನಿಮ್ಮ ತಪ್ಪೇನಿಲ್ಲ, ರಾತ್ರಿ ಊಟ ಆದ್ಮೇಲೆ ಹಾಕಿದ್ರೆ ಯಾರಿಗಾದ್ರೂ ನಿದ್ದೆ ಬರುತ್ತೆ. 1953ರ ಸಿನಿಮಾ, ಯಸುಜಿರೊ ಓಝುದು, ಕ್ಯಾಮೆರಾ ನೆಲದ ಮೇಲೆ ಚಾಪೆ ಹಾಕ್ಕೊಂಡು ಕೂತವರ ಎತ್ತರದಲ್ಲಿ ಇರುತ್ತೆ, ಇಡೀ ಸಿನಿಮಾದಲ್ಲಿ ಅದು ಜಾಗ ಬಿಟ್ಟು ಕದಲೋದು ಒಂದೆರಡು ಸಲ ಅಷ್ಟೇ. ನಾನು ಮೊದಲ ಸಲ ನೋಡಿದಾಗ ನನಗೂ ಆಕಳಿಕೆ ಬಂತು. ಎರಡನೇ ಸಲ ನಮ್ಮಮ್ಮನ ಜೊತೆ ನೋಡ್ದೆ. ಅಮ್ಮಂಗೆ ಇಂಗ್ಲಿಷ್ ಸಬ್‌ಟೈಟಲ್ ಓದಕ್ಕೆ ಬರಲ್ಲ, ನಾನೇ ಪಕ್ಕದಲ್ಲಿ ಕೂತು ಹೇಳ್ತಾ ಹೋದೆ. ಓನೊಮಿಚಿ ಅನ್ನೋ ಊರಿಂದ ಗಂಡ ಹೆಂಡ್ತಿ ಮಕ್ಕಳ ಮನೆಗೆ ಅಂತ ಟೋಕಿಯೋಗೆ ಹೊರಡ್ತಾರೆ, ಬ್ಯಾಗ್ ತುಂಬ್ತಾ ಇರ್ತಾರೆ, ಗಾಳಿ ದಿಂಬು ಎಲ್ಲಿ ಅಂತ ಹುಡುಕಾಟ, ನಿನ್ ಹತ್ರ ಕೊಟ್ಟಿದ್ನಲ್ಲೇ ಅಂತ ಅವರು, ನನ್ ಹತ್ರ ಇಲ್ಲ ಅಂತ ಇವರು, ಕೊನೆಗೆ ನೋಡಿದ್ರೆ ಗಂಡನ ಬ್ಯಾಗಲ್ಲೇ ಇರುತ್ತೆ. ಅಮ್ಮ ನಕ್ಕುಬಿಟ್ರು, ‘ನಿಮ್ಮಪ್ಪನೇ’ ಅಂದ್ರು.

ಆಮೇಲೆ ಟೋಕಿಯೋದಲ್ಲಿ ಮಗಳಿಗೆ ಸ್ವಂತ ಬ್ಯೂಟಿ ಪಾರ್ಲರ್ ಇರುತ್ತೆ, ಕಸ್ಟಮರ್ ಯಾರೋ ‘ಇವರ್ಯಾರು’ ಅಂತ ಕೇಳಿದ್ರೆ ‘ಊರ ಕಡೆ ಪರಿಚಯದವರು’ ಅಂದುಬಿಡ್ತಾಳೆ. ಹೆತ್ತ ಅಪ್ಪ ಅಮ್ಮನ್ನ! ಅಲ್ಲಿಂದ ಅಮ್ಮ ನನ್ನ ಅನುವಾದ ಕೇಳೋದೇ ಬಿಟ್ರು, ಮುಖ ನೋಡೇ ಎಲ್ಲಾ ತಿಳೀತಿತ್ತು ಅವರಿಗೆ. ಕೊನೆಗೆ ಆ ತಾಯಿ ತೀರ್ಕೊಂಡು, ಅಂತ್ಯಸಂಸ್ಕಾರ ಆಗಿ ಎಲ್ಲರೂ ಊಟಕ್ಕೆ ಕೂತಿರೋವಾಗಲೇ ಅದೇ ಮಗಳು ಅಮ್ಮನ ಕಿಮೊನೊ, ಸೊಂಟದ ಪಟ್ಟಿ ನನಗೆ ಬೇಕು ಅಂತ ಕೇಳ್ತಾಳೆ. ನಮ್ಮಮ್ಮ ಎದ್ದು ಅಡುಗೆಮನೆಗೆ ಹೋದ್ರು, ಸ್ವಲ್ಪ ಹೊತ್ತಾದ್ಮೇಲೆ ಅಲ್ಲಿಂದಲೇ ಹೇಳಿದ್ರು, ನಮ್ಮಜ್ಜಿದು ವೈಕುಂಠ ಸಮಾರಾಧನೆ ಆಗೋ ಮುಂಚೆನೇ ರೇಷ್ಮೆ ಸೀರೆ ಹಂಚ್ಕೊಂಡಿದ್ದು, ಯಾರು ಯಾವ ಬಣ್ಣ ತಗೊಂಡ್ರು ಅನ್ನೋದು ಸಮೇತ.

ಅದೇ ಇರೋದು ಸರ್ ಅದರಲ್ಲಿ. ಒಂದು ಭಾನುವಾರ ಬೆಳಿಗ್ಗೆ, ಮಾಮೂಲಿ ಸ್ಪೀಡಲ್ಲಿ, ನಿಮ್ಮ ತಾಯಿಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಾಕ್ರಿ. ಮೊದಲ ಸೀನಲ್ಲಿ ಕಿಟಕಿ ಹತ್ರ ಬಂದು ಮಾತಾಡಿಸೋ ಪಕ್ಕದ್ಮನೆಯಾಕೆನ ನೆನಪಿಟ್ಕೊಳ್ಳಿ. ಅವಳು ಇನ್ನೊಂದು ಸಲ ಬರ್ತಾಳೆ.

ಪ್ರಶ್ನೆ: ಮಗನಿಗೆ ಏಳು ವರ್ಷ. ಕಾರ್ಟೂನ್ ಅಂದ್ರೆ ಪ್ರಾಣ. ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ತೋರಿಸ್ಲಾ? ಜಪಾನಿನ ಕಾರ್ಟೂನ್ ಕಂಪನಿ ಘಿಬ್ಲಿ ಸ್ಟುಡಿಯೋದ್ದೇ ಅಲ್ವಾ?
– ಗೃಹಿಣಿ, ಮೈಸೂರು

ಬೇಡ ಬೇಡ ಬೇಡ. ಆ ಸಿನಿಮಾ ಶುರು ಆಗೋದೇ ರೈಲ್ವೆ ಸ್ಟೇಷನ್ನಲ್ಲಿ ಹಸಿವಿನಿಂದ ಸಾಯ್ತಿರೋ ಹುಡುಗ, 1945ರ ಸೆಪ್ಟೆಂಬರ್ 21ರ ರಾತ್ರಿ ನಾನು ಸತ್ತೆ ಅಂತ ತಾನೇ ಹೇಳೋದ್ರಿಂದ. ಅವನ ಪುಟ್ಟ ತಂಗಿ ಹತ್ರ ಹಣ್ಣಿನ ಪೆಪ್ಪರ್‌ಮೆಂಟಿನ ತಗಡಿನ ಡಬ್ಬಿ ಇರುತ್ತೆ, ಪೆಪ್ಪರ್‌ಮೆಂಟ್ ಖಾಲಿ ಆದ್ಮೇಲೆ ಅಣ್ಣ ಅದಕ್ಕೆ ನೀರು ಹಾಕಿ ಅಲ್ಲಾಡಿಸಿ ಕುಡಿಸ್ತಾನೆ. ಆ ಡಬ್ಬಿ ಕೊನೆಗೆ ಏನಾಗುತ್ತೆ ಅಂತ ಇಲ್ಲಿ ಬರೆಯಕ್ಕೆ ನನಗೆ ಮನಸ್ಸಿಲ್ಲ. ಕಾರ್ಟೂನ್ ಅಂದ ತಕ್ಷಣ ಮಕ್ಕಳದ್ದು ಅಂತ ನಾವು ಅಂದ್ಕೊಳ್ತೀವಿ, ಜಪಾನಲ್ಲಿ ಆ ಲೆಕ್ಕ ಇಲ್ಲ. ವಿಚಿತ್ರ ಅಂದ್ರೆ 1988ರ ಏಪ್ರಿಲಲ್ಲಿ ಇದನ್ನೂ ‘ಮೈ ನೇಬರ್ ಟೊಟೊರೊ’ನೂ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ಅಂತ ಜೋಡಿಯಾಗಿ ರಿಲೀಸ್ ಮಾಡಿದ್ರು, ಪಾಪ ಅವತ್ತು ಮಕ್ಕಳನ್ನ ಕರ್ಕೊಂಡು ಹೋದ ಅಪ್ಪ ಅಮ್ಮಂದಿರ ಕಥೆ ಏನಾಗಿರಬೇಕು. ನೀವು ಟೊಟೊರೊ ತೋರಿಸಿ. ಮಳೇಲಿ ಬಸ್ ಸ್ಟಾಪಲ್ಲಿ ಆ ದೊಡ್ಡ ಪ್ರಾಣಿ ಛತ್ರಿ ಹಿಡ್ಕೊಂಡು, ಅದರ ಮೇಲೆ ಬೀಳೋ ಹನಿ ಸದ್ದಿಗೆ ಖುಷಿಪಡೋ ಸೀನ್ ಬಂದಾಗ ನಿಮ್ಮ ಮಗನ ಮುಖ ನೋಡಿ. ಫೈರ್‌ಫ್ಲೈಸ್ ಅವನು ಪಿಯುಸಿಗೆ ಬಂದ್ಮೇಲೆ ನೋಡ್ಲಿ.

ಪ್ರಶ್ನೆ: ನಾನು ಕೊರಿಯಾದಲ್ಲಿ ಐದು ವರ್ಷದಿಂದ ಇದೀನಿ, ಭಾಷೆ ಅಲ್ಪಸ್ವಲ್ಪ ಬರುತ್ತೆ. ಇಲ್ಲಿನ ಸಿನಿಮಾಗಳನ್ನ ಇಂಗ್ಲಿಷ್ ಸಬ್‌ಟೈಟಲ್ ಓದ್ಕೊಂಡು ರಿವ್ಯೂ ಮಾಡ್ತೀರಲ್ಲ, ಅರ್ಧ ವಿಷಯ ಬಿಟ್ಟೇ ಹೋಗುತ್ತೆ ಅಂತ ಅನ್ಸಲ್ವಾ?
– ಇಂಜಿನಿಯರ್, ಸುವೋನ್

ಅನ್ಸುತ್ತೆ, ದಿನಾ ಅನ್ಸುತ್ತೆ. ನೀವು ಹೇಳಿದ್ದು ಸರಿಯಾದ ಜಾಗಕ್ಕೇ ತಗಲ್ತು.

‘ಪ್ಯಾರಾಸೈಟ್’ (2019) ಒಂದನ್ನೇ ಹೇಳ್ತೀನಿ. ಶ್ರೀಮಂತರ ಮನೆ ಯಜಮಾನಿ ಮಳೇಲಿ ಮನೆಗೆ ವಾಪಸ್ ಬರ್ತಾ ಫೋನ್ ಮಾಡಿ ‘ರಾಮ್-ಡಾನ್ ಮಾಡಿಡಿ’ ಅಂತಾಳೆ, ಸಬ್‌ಟೈಟಲಲ್ಲಿ ಹಾಗೆ ಬರುತ್ತೆ. ನಾನು ಅದ್ಯಾವುದೋ ದೊಡ್ಡ ಹೋಟೆಲ್ ಡಿಶ್ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಕೊರಿಯನ್‌ನಲ್ಲಿ ಅವಳು ಹೇಳೋದು ‘ಜ್ಜಾಪಗುರಿ’, ಅಂದ್ರೆ ಅಂಗಡೀಲಿ ಸಿಗೋ ಎರಡು ಅಗ್ಗದ ಇನ್‌ಸ್ಟಂಟ್ ನೂಡಲ್ಸ್ ಪ್ಯಾಕೆಟ್ ಬೆರೆಸಿ ಮಾಡೋದು, ಹಾಸ್ಟೆಲ್ ಹುಡುಗರ ತಿಂಡಿ. ಹೊರಗಿನವರಿಗೆ ಅರ್ಥ ಆಗಲ್ಲ ಅಂತ ಸಬ್‌ಟೈಟಲ್ ಬರೆದ ಡಾರ್ಸಿ ಪ್ಯಾಕೆಟ್ ಅನ್ನೋರು ರಾಮೆನ್, ಉಡಾನ್ ಅನ್ನೋ ಎರಡು ನೂಡಲ್ಸ್ ಹೆಸರು ಸೇರಿಸಿ ಹೊಸ ಪದ ಹುಟ್ಟಿಸಿದ್ರು (ನೂಡಲ್ಸ್ ಪ್ಯಾಕೆಟ್ ಅನುವಾದ ಮಾಡಿದವರ ಹೆಸರೂ ಪ್ಯಾಕೆಟ್, ನಾನೇನೂ ಮಾಡಿಲ್ಲ). ಆ ಅಗ್ಗದ ನೂಡಲ್ಸ್ ಮೇಲೆ ಯಜಮಾನಿ ಹಾಕಿಸೋದು ಭಾರೀ ರೇಟಿನ ಹಾನ್‌ವೂ ಬೀಫು. ಕೆಳಗೆ ಬಡವರ ನೂಡಲ್ಸ್, ಮೇಲೆ ಶ್ರೀಮಂತರ ಮಾಂಸ, ಒಂದೇ ಬಟ್ಟಲಲ್ಲಿ. ಮೇಲೆ ಬಂಗಲೆ ಕೆಳಗೆ ಅರ್ಧ ನೆಲದೊಳಗಿನ ಮನೆ ಅನ್ನೋ ಇಡೀ ಕಥೆನೇ ಆ ಬಟ್ಟಲಲ್ಲಿ ಇತ್ತು, ನಾನು ಮೊದಲ ರಿವ್ಯೂನಲ್ಲಿ ಅದರ ಬಗ್ಗೆ ಒಂದಕ್ಷರ ಬರೆದಿರ್ಲಿಲ್ಲ.

ಇನ್ನೂ ದೊಡ್ಡ ನಷ್ಟ ಇರೋದು ಬಹುವಚನದಲ್ಲಿ. ಕೊರಿಯನ್ನಲ್ಲಿ ಮರ್ಯಾದೆ ಕೊಟ್ಟು ಮಾತಾಡೋ ರೀತಿ ಬೇರೆ, ಸಲಿಗೆ ಮಾತು ಬೇರೆ, ಒಬ್ಬ ಮನುಷ್ಯ ಒಂದರಿಂದ ಇನ್ನೊಂದಕ್ಕೆ ಜಾರಿದ್ರೆ ಅದೇ ಒಂದು ಜಗಳ ಅಥವಾ ಅದೇ ಒಂದು ಪ್ರೀತಿ. ಇಂಗ್ಲಿಷ್‌ನಲ್ಲಿ ಎಲ್ಲಾ ‘ಯೂ’. ನಮಗೆ ನೀನು, ನೀವು, ತಾವು ಎಲ್ಲಾ ಇದ್ದೂ, ಅದಿಲ್ಲದ ಭಾಷೆಯ ಕಿಂಡಿಯಿಂದ ನೋಡ್ತೀವಲ್ಲ, ಹೊಟ್ಟೆ ಉರಿಯುತ್ತೆ. ನೇರ ಕನ್ನಡ ಸಬ್‌ಟೈಟಲ್ ಇದ್ದಿದ್ರೆ ‘ಏನ್ರೀ’ ಇಂದ ‘ಏನೋ’ಗೆ ಇಳಿಯೋದು ಒಂದೇ ಪದದಲ್ಲಿ ಬರ್ತಿತ್ತು. ಹಾಗಂತ ಎಲ್ಲಾ ಸಲೀಸು ಅಂತಲ್ಲ. ಹುಡುಗಿ ತನ್ನ ಹುಡುಗನ್ನ ‘ಒಪ್ಪಾ’ ಅಂತಾಳೆ, ಅದರ ಅರ್ಥ ಅಣ್ಣ, ಕನ್ನಡದಲ್ಲಿ ‘ಅಣ್ಣಾ’ ಅಂತ ಹಾಕಿದ್ರೆ ಲವ್ ಸ್ಟೋರಿ ಅಲ್ಲಿಗೇ ಮುಗೀತು. ‘ಮಾವ’ ಅಂತ ಹಾಕಿದ್ರೆ ಮಂಡ್ಯ ಕಡೆ ನಡೆಯುತ್ತೆ, ಸಿಯೋಲ್‌ನಲ್ಲಿ ನಡೆಯಲ್ಲ. ನಿಮಗೇನಾದ್ರೂ ಹೊಳೆದ್ರೆ ಬರೀರಿ.

ಪ್ರಶ್ನೆ: ಒಂದು ಮಾತು ಕೇಳ್ತೇನೆ ಮಾರಾಯ್ರೆ, ಬೇಜಾರು ಮಾಡ್ಬೇಡಿ. ‘ಉಳಿದವರು ಕಂಡಂತೆ’ ಜಪಾನಿನ ‘ರಾಶೋಮನ್’ ಕಾಪಿಯಾ? ನನ್ನ ಫ್ರೆಂಡ್ ಹೌದು ಅಂತಾನೆ, ನಾನು ಅಲ್ಲ ಅಂತ ಬೆಟ್ ಕಟ್ಟಿದ್ದೇನೆ.
– ಅಂಗಡಿ ಮಾಲೀಕರು, ಉಡುಪಿ

ಬೆಟ್ ನೀವು ಗೆದ್ರಿ. ಹಲವರ ಬಾಯಲ್ಲಿ ಒಂದೇ ಘಟನೆ ಹೇಳಿಸೋ ದಾರಿ ‘ರಾಶೋಮನ್’ ಡೈರೆಕ್ಟರ್ ಕುರೊಸಾವಾದು, ಅದನ್ನ ಯಾರೂ ಅಲ್ಲ ಅನ್ನಲ್ಲ. ಆದ್ರೆ ಒಳಗಿನ ಕೆಲಸ ಬೇರೆ. ‘ರಾಶೋಮನ್’ನಲ್ಲಿ (1950) ಒಂದು ಕಾಡು, ಒಬ್ಬ ಸತ್ತ ಸಮುರಾಯ್. ದರೋಡೆಕಾರ ನಾನೇ ಕೊಂದೆ ಅಂತಾನೆ, ಹೆಂಡ್ತಿ ನನ್ನ ಕೈಯಲ್ಲೇ ಆಯ್ತೇನೋ ಅನ್ನೋ ಥರ ಹೇಳ್ತಾಳೆ, ಸತ್ತವನ ಆತ್ಮ ಮೈಮೇಲೆ ಬಂದು, ನಾನೇ ಚುಚ್ಕೊಂಡೆ ಅನ್ನುತ್ತೆ. ಮಾಮೂಲಾಗಿ ಕೊಲೆ ಕೇಸಲ್ಲಿ ಎಲ್ಲರೂ ‘ನಾನಲ್ಲ’ ಅಂತಾರೆ ತಾನೇ? ಇಲ್ಲಿ ಎಲ್ಲರೂ ‘ನಾನೇ’ ಅಂತಾರೆ, ಯಾಕಂದ್ರೆ ಕೊಲೆಗಾರ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಸಣ್ಣವರಾಗಿ ಕಾಣಬಾರದು ಅವರಿಗೆ. ವಿಚಾರಣೆ ಮಾಡೋ ಅಧಿಕಾರಿನ ಸಿನಿಮಾ ತೋರಿಸೋದೇ ಇಲ್ಲ, ದನಿಯೂ ಇಲ್ಲ, ಸಾಕ್ಷಿ ಹೇಳೋರು ನಮ್ಮ ಕಡೆ ಮುಖ ಮಾಡಿ ಕೂತಿರ್ತಾರೆ. ಹಾಗಾಗಿ ತೀರ್ಪು ನಮ್ಮ ತಲೆಗೇ.

‘ಉಳಿದವರು ಕಂಡಂತೆ’ಯಲ್ಲಿ (2014) ಜನ ಹಾಗೆ ಒಬ್ಬರಿಗೊಬ್ಬರು ಎದುರುಬದುರು ಸುಳ್ಳು ಹೇಳಲ್ಲ. ಮಲ್ಪೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಗೊತ್ತು, ರತ್ನಕ್ಕನಿಗೆ ಕಂಡಿದ್ದು ಮುನ್ನಂಗೆ ಕಂಡಿಲ್ಲ, ಪತ್ರಕರ್ತೆ ಅದನ್ನ ಜೋಡಿಸ್ತಾ ಹೋಗ್ತಾಳೆ. ಅಲ್ಲಿ ಸತ್ಯ ಮುರಿದು ಚೂರಾಗಿದೆ, ಇಲ್ಲಿ ಹಂಚಿಹೋಗಿದೆ. ಮತ್ತೆ ಆ ಹುಲಿವೇಷ, ಆ ಭಾಷೆ ಯಾವ ಜಪಾನಿಂದ ಬರಬೇಕು ಹೇಳಿ. ಬೆಟ್ ದುಡ್ಡು ವಸೂಲಿ ಮಾಡಿ, ನನಗೆ ಗೋಳಿಬಜೆ ಕಳಿಸಿ.

ಪ್ರಶ್ನೆ: ‘ರಿಂಗು’ ನೋಡಿ ಒಂಚೂರೂ ಭಯ ಆಗ್ಲಿಲ್ಲ.
– ಹೆಸರು ಬೇಡ, ತುಮಕೂರು

ಹೆಸರು ಬೇಡ ಅಂದಿದ್ದೇ ಡೌಟು! ಮೊಬೈಲಲ್ಲಿ ನೋಡಿರ್ತೀರಿ. ಅದು 1998ರದ್ದು, ಮೂಲೇಲಿರೋ ಡಬ್ಬಾ ಟಿವಿ, ವಿಡಿಯೋ ಕ್ಯಾಸೆಟ್, ಲ್ಯಾಂಡ್‌ಲೈನ್ ಫೋನು, ಇವೆಲ್ಲ ಮನೇಲಿದ್ದ ಕಾಲಕ್ಕೆ ಮಾಡಿದ್ದು. ಅದರಲ್ಲಿ ಸಡಾಕೊ ಅನ್ನೋ ದೆವ್ವ ಬಾವಿಯಿಂದ ಎದ್ದು ಬರೋ ನಡಿಗೆ ಯಾಕೆ ಹಾಗೆ ಮೈ ಜುಮ್ ಅನ್ಸುತ್ತೆ ಗೊತ್ತಾ, ನಟಿಯನ್ನ ಹಿಂದುಹಿಂದಕ್ಕೆ ನಡೆಸಿ ಶೂಟ್ ಮಾಡಿ, ಆಮೇಲೆ ರೀಲ್ ಉಲ್ಟಾ ಓಡಿಸಿದ್ದಾರೆ. ನಮ್ಮೂರ ದೆವ್ವಕ್ಕೆ ಪಾದ ಹಿಂದುಮುಂದು, ಅವರ ದೆವ್ವಕ್ಕೆ ನಡಿಗೆನೇ ಹಿಂದುಮುಂದು.

ಪ್ರಶ್ನೆ: ಮೇಡಂ, ನಾನು ರಿಟೈರ್ಡ್ ಮೇಷ್ಟ್ರು. ಜಾಕಿ ಚಾನ್ ಸಿನಿಮಾನ ‘ಕಲೆ’ ಅಂತ ಬರೆದಿದ್ದೀರಿ. ನಮ್ಮ ಕಾಲದಲ್ಲಿ ಅವನ ಸಿನಿಮಾಗೆ ಹೋದ್ರೆ ಮನೇಲಿ ಬೆಲ್ಟ್ ಏಟು ಬೀಳ್ತಿತ್ತು.
– ಕೋಲಾರ

ಸಾರ್, ಏಟು ತಿಂದಿದ್ದು ಸಾರ್ಥಕ ಆಯ್ತು ಅಂದ್ಕೊಳ್ಳಿ. ಈಗಿನ ಫೈಟ್ ಸೀನ್ ನೋಡಿ, ಏಟು ಬೀಳೋ ಹೊತ್ತಿಗೆ ಕಟ್, ಇನ್ನೊಂದು ಕಟ್, ಕ್ಯಾಮೆರಾ ಗಡಗಡ, ಯಾರು ಯಾರಿಗೆ ಹೊಡೆದ್ರು ಅಂತ ದೇವರಿಗೇ ಗೊತ್ತು. ‘ಪೊಲೀಸ್ ಸ್ಟೋರಿ’ (ನಮ್ಮ ಸಾಯಿಕುಮಾರ್ ಅವರದ್ದಲ್ಲ, 1985ರ ಹಾಂಗ್‌ಕಾಂಗಿಂದು) ನೋಡಿ, ತಲೆಯಿಂದ ಕಾಲಿನವರೆಗೆ ಇಡೀ ಮನುಷ್ಯ ಫ್ರೇಮಲ್ಲಿ ಇರ್ತಾನೆ, ಏಟು ಹೊರಡೋದೂ ಕಾಣುತ್ತೆ, ತಗಲೋದೂ ಕಾಣುತ್ತೆ. ಕೊನೆಯಲ್ಲಿ ಶಾಪಿಂಗ್ ಮಾಲ್ ಮೇಲಿಂದ ಲೈಟ್ ಸರ ಸುತ್ತಿರೋ ಕಂಬ ಹಿಡ್ಕೊಂಡು ಜಾರ್ತಾನಲ್ಲ, ಬಲ್ಬುಗಳು ಪಟಪಟ ಒಡೀತಾ, ಅದನ್ನ ಬೇರೆಬೇರೆ ಆ್ಯಂಗಲ್‌ನಿಂದ ಮೂರು ಸಲ ತೋರಿಸ್ತಾರೆ, ನಿಜವಾಗ್ಲೂ ಮಾಡಿದೀನಿ ನೋಡ್ಕೊಳ್ರಪ್ಪಾ ಅಂತ. ಅಂಗೈ ಸುಟ್ಟು, ಬೆನ್ನಿಗೆ ಪೆಟ್ಟಾಯ್ತು. ಅಷ್ಟು ಗಾಜು ಒಡೆದಿದ್ದಕ್ಕೆ ಯೂನಿಟ್‌ನವರೇ ಸಿನಿಮಾಗೆ ‘ಗ್ಲಾಸ್ ಸ್ಟೋರಿ’ ಅಂತ ಅಡ್ಡಹೆಸರು ಇಟ್ಟಿದ್ರು. ಪೊಲೀಸ್ ಕಥೆ ಅಂತ ಬರೆದಿರೋದು ಮಾತ್ರ ತೀರಾ ಸಾಧಾರಣ, ಕೋರ್ಟ್ ಸೀನ್ ಎಲ್ಲ ಓಡಿಸಿ ನೋಡಿದ್ರೂ ಪಾಪ ಇಲ್ಲ. ಹುಬ್ಬಳ್ಳಿಯವರಿಗೆ ಇದನ್ನ ಹೇಳ್ಬೇಡಿ.

ಪ್ರಶ್ನೆ: ‘ಇನ್ ದಿ ಮೂಡ್ ಫಾರ್ ಲವ್’ ಬಗ್ಗೆ ಬರೀತಾ ‘ಚೀನೀ ಭಾಷೆಯ ಸಿನಿಮಾ’ ಅಂತ ಒಂದೇ ಮಾತಲ್ಲಿ ಮುಗಿಸಿದ್ದೀರಿ. ಡೈರೆಕ್ಟರ್ ಹೆಸರು ಒಂದು ಕಡೆ ವಾಂಗ್, ಇನ್ನೊಂದು ಕಡೆ ಕಾರ್-ವಾಯ್. ಸರಿಯಾಗಿ ಬರೀರಿ.
– ಲೈಬ್ರೇರಿಯನ್, ಶಿರಸಿ

ತಪ್ಪಾಯ್ತು. 2000ದ ಆ ಸಿನಿಮಾದ ಮುಖ್ಯ ಭಾಷೆ ಕ್ಯಾಂಟನೀಸ್, ಮನೆ ಓನರಮ್ಮ ಮಾತಾಡೋದು ಶಾಂಘೈ ಭಾಷೆ. 1962ರ ಹಾಂಗ್‌ಕಾಂಗಲ್ಲಿ ಶಾಂಘೈಯಿಂದ ಬಂದು ನೆಲೆಸಿದವರ ವಠಾರದ ಕಥೆ ಅದು, ಹಾಗಾಗಿ ಭಾಷೆ ಮರೆತ್ರೆ ಅರ್ಧ ಕಥೆ ಮರೆತ ಹಾಗೆ. ಬೆಂಗಳೂರಿನ ವಠಾರದಲ್ಲಿ ಮಂಗಳೂರಿನ ಓನರಮ್ಮ ಕೊಂಕಣಿಯಲ್ಲಿ ಬಾಡಿಗೆದಾರರನ್ನ ಊಟಕ್ಕೆ ಕರೆದ ಹಾಗೆ ಅಂದ್ಕೊಳ್ಳಿ, ಊಟನೂ ಹಾಕ್ತಾಳೆ, ಯಾರು ಎಷ್ಟೊತ್ತಿಗೆ ಬಂದ್ರು ಅಂತನೂ ನೋಡ್ತಾಳೆ. ಹೆಸರಿನ ವಿಷಯ: ಮನೆತನದ ಹೆಸರು ಮೊದಲು, ವಾಂಗ್ ಕಾರ್-ವಾಯ್ ಅನ್ನೋದ್ರಲ್ಲಿ ವಾಂಗ್ ಅನ್ನೋದೇ ಮನೆತನ. ‘ಪ್ಯಾರಾಸೈಟ್’ ಡೈರೆಕ್ಟರ್ ಬಾಂಗ್ ಜೂನ್-ಹೋದಲ್ಲೂ ಬಾಂಗ್ ಮನೆತನ. ಇನ್ಮೇಲೆ ಹುಷಾರಾಗಿರ್ತೀನಿ.

ಪ್ರಶ್ನೆ: ‘ಮೆಮೊರೀಸ್ ಆಫ್ ಮರ್ಡರ್’ ರಿವ್ಯೂನಲ್ಲಿ ಅಸಲಿ ಕೊಲೆಗಾರ ಸಿಕ್ಕ ವಿಷಯ ನೀವು ಬರೀಲೇ ಇಲ್ಲ. ಸ್ಪಾಯ್ಲರ್ ಅಂತ ಬಿಟ್ರಾ? ಮತ್ತೆ ಈಗ ಉತ್ತರ ಗೊತ್ತಾದ್ಮೇಲೆ ಆ ಸಿನಿಮಾಗೆ ಬೆಲೆ ಉಳಿದಿದ್ಯಾ?
– ವಕೀಲರು, ಶಿವಮೊಗ್ಗ

ಬೇಕು ಅಂತಲೇ ಬಿಟ್ಟಿದ್ದೆ, ಮೊದಲ ಸಲ ನೋಡೋರು ಖಾಲಿ ತಲೇಲಿ ಹೋಗ್ಲಿ ಅಂತ. ಈಗ ಬರೀತೀನಿ, ನೋಡದೇ ಇರೋರು ಕೊನೇ ಪ್ರಶ್ನೆಗೆ ಹಾರಿ.

ಕೊರಿಯಾದ ಹ್ವಾಸೊಂಗ್ ಅನ್ನೋ ಕಡೆ 1986ರಿಂದ 1991ರವರೆಗೆ ಹತ್ತು ಜನ ಹೆಣ್ಣುಮಕ್ಕಳ ಕೊಲೆ ಆಯ್ತು. ಅದನ್ನೇ ಆಧರಿಸಿದ ಬಾಂಗ್ ಸಿನಿಮಾ ಬಂದಿದ್ದು 2003ರಲ್ಲಿ, ಆಗ ಕೊಲೆಗಾರ ಯಾರು ಅಂತ ಗೊತ್ತಿಲ್ಲ. 2019ರಲ್ಲಿ ಡಿಎನ್‌ಎ ಟೆಸ್ಟಿಂದ ಸಿಕ್ಕ, ಬೇರೊಂದು ಕೊಲೆಗೆ ಆಗಲೇ ಜೀವಾವಧಿ ಶಿಕ್ಷೆ ಅನುಭವಿಸ್ತಾ ಜೈಲಲ್ಲೇ ಇದ್ದ. ನೀವು ವಕೀಲರು, ನಿಮಗೆ ಇದಕ್ಕಿಂತ ಮುಖ್ಯ ಇನ್ನೊಂದಿದೆ: ಆ ಕೊಲೆಗಳಲ್ಲಿ ಒಂದಕ್ಕೆ ಯಾವುದೇ ಸಂಬಂಧ ಇಲ್ಲದ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಜೈಲಲ್ಲಿದ್ದ, 2020ರ ಡಿಸೆಂಬರಲ್ಲಿ ಕೋರ್ಟ್ ಅವನು ನಿರಪರಾಧಿ ಅಂತು. ಅದನ್ನ ಓದಿದ್ಮೇಲೆ ನಾನು ಸಿನಿಮಾ ಮತ್ತೆ ನೋಡಿದೆ. ಅದರಲ್ಲಿ ಪೊಲೀಸರು ಬೇಸ್‌ಮೆಂಟಲ್ಲಿ ಒಬ್ಬ ಹುಡುಗನಿಗೆ ಚೆನ್ನಾಗಿ ಬಡಿದು ಒಪ್ಪಿಸೋಕೆ ನೋಡ್ತಾರೆ, ಮಧ್ಯೆ ಅವನನ್ನೇ ಜೊತೇಲಿ ಕೂರಿಸ್ಕೊಂಡು ಕಪ್ಪು ಸಾಸಿನ ನೂಡಲ್ಸ್ ತಿಂತಾ ಟಿವಿಯಲ್ಲಿ ಪತ್ತೇದಾರಿ ಸೀರಿಯಲ್ ನೋಡ್ತಾರೆ, ಟೈಟಲ್ ಮ್ಯೂಸಿಕ್ ಬಂದ್ರೆ ಎಲ್ಲರೂ ಸೇರಿ ಗುನುಗ್ತಾರೆ. ಮೊದಲ ಸಲ ಅಲ್ಲಿ ಜೋರಾಗಿ ನಕ್ಕಿದ್ದೆ. ಈ ಸಲ ನಗು ಬರ್ಲಿಲ್ಲ. ಯಾರು ಕೊಂದ್ರು ಅನ್ನೋದಕ್ಕಿಂತ ಹುಡುಕೋರು ಏನೇನು ಮಾಡಿದ್ರು ಅನ್ನೋದೇ ಆ ಸಿನಿಮಾ, ಅದರ ಬೆಲೆ ನನ್ನ ಲೆಕ್ಕದಲ್ಲಿ ಏರಿದೆ.

ಪ್ರಶ್ನೆ: ಗಾಡ್ಜಿಲ್ಲಾ ಯಾವಾಗ ಬರೀತೀರಾ ಆಂಟಿ?
– ಎಂಟನೇ ಕ್ಲಾಸ್, ಹಾಸನ

ಮುಂದಿನ ಸಂಚಿಕೆ ಪುಟ್ಟಾ, 1954ರ ಮೊದಲನೇದು, 2023ರ ‘ಮೈನಸ್ ಒನ್’ ಎರಡೂ. ಅಲ್ಲಿವರೆಗೆ ಮನೇಲಿ ಒಂದು ಪ್ರಯೋಗ ಮಾಡು: ಆ ಮೊದಲ ಗಾಡ್ಜಿಲ್ಲಾದ ಘರ್ಜನೆಗೆ ಯಾವ ಪ್ರಾಣಿ ಕೂಗೂ ಬಳಸಿಲ್ಲ, ಅಂಟು ಹಚ್ಚಿದ ಚರ್ಮದ ಗ್ಲೌಸ್ ಹಾಕ್ಕೊಂಡು ಡಬಲ್ ಬಾಸ್ ಅನ್ನೋ ದೊಡ್ಡ ವಾದ್ಯದ ತಂತಿ ಉಜ್ಜಿ, ಆ ಸದ್ದನ್ನ ನಿಧಾನ ಮಾಡಿದ್ದು. ನಿಮ್ಮನೇಲಿ ಯಾರದ್ದಾದ್ರೂ ಗಿಟಾರ್ ಇದ್ರೆ ಕೇಳಿ ತಗೋ, ಕೇಳದೆ ತಗೋಬೇಡ, ಆಮೇಲೆ ಅವರಮ್ಮ ನನಗೆ ಪತ್ರ ಬರೀತಾರೆ.